ವೆಜ್ ಅಂದಿದ್ದಾರೆ ಸರಿ, ಸೂಪಿನ ನೀರು ಯಾವುದರದ್ದು?

ಓದುಗರ ಪ್ರಶ್ನೆ: ನಾವು ಪುಣೆಯ ಬಾಣೇರಿನಲ್ಲಿದ್ದೇವೆ. ಕೊರಿಯನ್ ಧಾರಾವಾಹಿ ನೋಡಿ ನೋಡಿ ಮಗಳು ಅಲ್ಲಿನ ಊಟ ಮಾಡಲೇಬೇಕೆಂದು ಹಟ ಹಿಡಿದಿದ್ದಾಳೆ. ನಮ್ಮಲ್ಲಿ ಮೊಟ್ಟೆಯೂ ನಡೆಯುವುದಿಲ್ಲ. ಧಾರವಾಡದಿಂದ ಬಂದಿರುವ ಅತ್ತೆಯವರೂ ಜೊತೆಗಿರುತ್ತಾರೆ. ಜಪಾನಿ, ಕೊರಿಯನ್ ಹೋಟೆಲುಗಳ ಮೆನುವಿನಲ್ಲಿ ‘ವೆಜ್’ ಎಂದು ಬರೆದಿದ್ದರೆ ನಂಬಿ ತಿನ್ನಬಹುದೇ?

ಪೂರ್ತಿ ನಂಬಬೇಡಿ, ಹಾಗಂತ ಹೋಗುವುದನ್ನು ಬಿಡಲೂ ಬೇಡಿ. ತಟ್ಟೆಯಲ್ಲಿ ಕಾಣುವ ಮೀನು, ಮಾಂಸದಿಂದ ಸಸ್ಯಾಹಾರಿಗಳಿಗೆ ತೊಂದರೆಯಾಗುವುದು ಕಡಿಮೆ. ಕಣ್ಣಿಗೆ ಬೀಳುತ್ತದೆ, ವಾಪಸು ಕಳಿಸುತ್ತೀರಿ. ಕೈಕೊಡುವುದು ಕಾಣದ ಮೀನು: ನೀರಿನಲ್ಲಿ ಕುದಿಸಿ ಸೋಸಿ ತೆಗೆದದ್ದು, ಕಿಮ್ಚಿ ಎಂಬ ಕೊರಿಯನ್ ಉಪ್ಪಿನಕಾಯಿಯಲ್ಲಿ ಕರಗಿಹೋದದ್ದು, ಪುಡಿಯಾಗಿ ಸಾಸಿಗೆ ಸೇರಿದ್ದು. ‘ಯೇ ವೆಜ್ ಹೈ ಕ್ಯಾ?’ ಎಂದು ಕೇಳಿದರೆ ಮಾಣಿ ‘ಹೌದು’ ಎನ್ನುತ್ತಾನೆ. ಅವನೇನೂ ಸುಳ್ಳು ಹೇಳುತ್ತಿಲ್ಲ, ಹೋಳುಗಳನ್ನಷ್ಟೇ ಲೆಕ್ಕ ಹಾಕಿ ಹೇಳುತ್ತಾನೆ. ಹಾಗಾಗಿ ನೀರಿನ ಬಗ್ಗೆ, ಎಣ್ಣೆಯ ಬಗ್ಗೆ ಬಿಡಿಸಿ ಕೇಳಬೇಕು.

ಜಪಾನಿ ಅಡುಗೆಮನೆಯ ಬುನಾದಿ ದಾಶಿ. ಒಂದು ಲೀಟರ್ ನೀರಿಗೆ ಸುಮಾರು 10 ಗ್ರಾಂ ಕೊಂಬು, ಅಂದರೆ ಒಣಗಿಸಿದ ಕಡಲಪಾಚಿ, ಹಾಕಿ ನೆನೆಸುತ್ತಾರೆ. ಸಣ್ಣ ಉರಿಯಲ್ಲಿ ಕಾಯಿಸಿ, ಕುದಿ ಬರುವ ಮುಂಚೆ ಪಾಚಿಯನ್ನು ತೆಗೆಯುತ್ತಾರೆ. ಆಮೇಲೆ 20–30 ಗ್ರಾಂ ಕತ್ಸುಒಬುಶಿ ಹಾಕಿ, ಒಂದೆರಡು ನಿಮಿಷ ಬಿಟ್ಟು ಬಟ್ಟೆಯಲ್ಲಿ ಸೋಸುತ್ತಾರೆ. ಈ ಕತ್ಸುಒಬುಶಿ ಟ್ಯೂನಾ ಬಳಗದ ಮೀನಿನದು. ಮೀನನ್ನು ಬೇಯಿಸಿ, ಹೊಗೆ ಹಾಕಿ, ಕಲ್ಲಿನಂತಾಗುವವರೆಗೆ ಒಣಗಿಸಿ, ಕಾಗದದಷ್ಟು ತೆಳುವಾಗಿ ಕೀಸಿರುತ್ತಾರೆ. ಮೆನುವಿನಲ್ಲಿ ಇದರ ಹೆಸರು ಬೊನಿಟೊ. ಸೋಸಿದ ಮೇಲೆ ಉಳಿಯುವುದು ತಿಳಿಹೊಂಬಣ್ಣದ ನೀರು. ಅದರಲ್ಲಿ ಮೀನಿನ ಒಂದು ಚೂರೂ ಕಾಣುವುದಿಲ್ಲ. ಸಣ್ಣ ಹೋಟೆಲುಗಳಲ್ಲಿ ಇಷ್ಟೆಲ್ಲ ಮಾಡದೆ ದಾಶಿ ಪುಡಿಯನ್ನೇ ಬಿಸಿನೀರಿಗೆ ಹಾಕುತ್ತಾರೆ. ಸಾಮಾನ್ಯವಾಗಿ ಸಿಗುವ ಪುಡಿಯಲ್ಲೂ ಬೊನಿಟೊ ಇರುತ್ತದೆ.

ಈ ನೀರು ಎಲ್ಲೆಲ್ಲಿ ಹೋಗುತ್ತದೆ ನೋಡಿ. ಮಿಸೊ ಸೂಪಿಗೆ, ಉದಾನ್ ಮತ್ತು ಸೋಬಾ ನೂಡಲ್ಸಿನ ಸಾರಿಗೆ, ತೆಂಪುರದ ಜೊತೆ ಕೊಡುವ ಅದ್ದಿಕೊಳ್ಳುವ ರಸಕ್ಕೆ, ಅಗೆದಾಶಿ ತೋಫುವಿನ ಸುತ್ತ ಸುರಿಯುವ ಸಾಸಿಗೆ. ಇನಾರಿ ಸುಶಿಯ ತೋಫು ಚೀಲವನ್ನು ಬೇಯಿಸುವುದೂ ಇದರಲ್ಲೇ. ಪೊನ್‌ಝು ಎಂಬ ಹುಳಿ ಸಾಸಿನಲ್ಲೂ ಹೆಚ್ಚಾಗಿ ಬೊನಿಟೊ ಇರುತ್ತದೆ. ‘ತೋಫು’ ಎಂಬ ಹೆಸರು ನೋಡಿ ಆರ್ಡರ್ ಮಾಡಿದವರಿಗೆ ಇದೆಲ್ಲ ಗೊತ್ತಾಗುವ ದಾರಿಯೇ ಇಲ್ಲ.

ಬರೀ ಕೊಂಬುವಿನ ದಾಶಿ, ಕೊಂಬು ಮತ್ತು ಒಣ ಶಿಟಾಕೆ ಅಣಬೆ ಸೇರಿಸಿದ ದಾಶಿ ಜಪಾನಿನಲ್ಲೂ ಹಳೆಯ ಪದ್ಧತಿಯೇ. ಬೌದ್ಧ ಮಠಗಳ ಶೋಜಿನ್ ಅಡುಗೆ ನಿಂತಿರುವುದು ಅದರ ಮೇಲೆ. ರುಚಿಯಲ್ಲೂ ಅದು ಸಪ್ಪೆಯಲ್ಲ. 1908ರಲ್ಲಿ ಕಿಕುನಾಎ ಇಕೆದ ಎಂಬ ರಸಾಯನ ವಿಜ್ಞಾನಿ ಗ್ಲುಟಮೇಟ್ ರುಚಿಯನ್ನು ಗುರುತಿಸಿ ‘ಉಮಾಮಿ’ ಎಂದು ಹೆಸರಿಟ್ಟದ್ದು ಕೊಂಬುವಿನಿಂದಲೇ. ಆದ್ದರಿಂದ ‘ಕೊಂಬು ದಾಶಿ ಮೇ ಬನಾ ಸಕ್ತೇ ಹೈ ಕ್ಯಾ?’ ಎಂದು ಕೇಳಲು ಸಂಕೋಚ ಬೇಡ. ಬಾಣಸಿಗನಿಗೆ ಕೆಲಸ ಗೊತ್ತಿದ್ದರೆ ಆ ಪ್ರಶ್ನೆ ಅವನಿಗೆ ಅರ್ಥವಾಗುತ್ತದೆ. ತಬ್ಬಿಬ್ಬಾದರೆ ಆ ಅಡುಗೆಮನೆ ಪುಡಿಯ ಮೇಲೆ ನಡೆಯುತ್ತಿದೆ ಎಂಬ ಅನುಮಾನಕ್ಕೆ ಜಾಗವಿದೆ.

ಇಲ್ಲಿ ಒಂದು ವಿಷಯ ತಿಳಿದಿದ್ದರೆ ಅರ್ಧ ಗೊಂದಲ ತಪ್ಪುತ್ತದೆ. ಹೋಟೆಲಿನಲ್ಲಿ ಕೆಲವು ಮೊದಲೇ ಮಾಡಿಟ್ಟವು, ಕೆಲವು ಆರ್ಡರ್ ಬಂದಮೇಲೆ ಹಾಕುವವು. ‘ಫಿಶ್ ಮತ್ ಡಾಲ್ನಾ’ ಎಂದು ಟೇಬಲ್ಲಿನಲ್ಲಿ ಕೂತು ಹೇಳಿದರೆ ಎರಡನೆಯ ಬಗೆಯದು ಮಾತ್ರ ತಪ್ಪುತ್ತದೆ. ಮೇಲೆ ಉದುರಿಸುವ ಬೊನಿಟೊ ಚಕ್ಕೆ, ಸುಶಿಯ ಮೇಲಿನ ಕಿತ್ತಳೆ ಬಣ್ಣದ ಸಣ್ಣ ಮಣಿಗಳು (ಅವು ಮೀನಿನ ಮೊಟ್ಟೆ), ಮೇಯೊ, ಹುರಿದ ಮೊಟ್ಟೆ ಇವನ್ನೆಲ್ಲ ಬಿಡಿಸಬಹುದು. ರಾಮೆನ್ನಿನ ಸಾರು ಗಂಟೆಗಟ್ಟಲೆ ಮೊದಲೇ ಕುದ್ದಿರುತ್ತದೆ. ತೊಂಕೊತ್ಸು ಎಂದರೆ ಹಂದಿಯ ಮೂಳೆಯದು. ಕಿಮ್ಚಿ ಹುಳಿಯಲು ಇಟ್ಟು ದಿನಗಳಾಗಿರುತ್ತವೆ. ಜಪಾನಿ ಕರಿಗೆ ಬಳಸುವ ಮಸಾಲೆ ಅಚ್ಚುಗಳಲ್ಲಿ ಕೆಲವಕ್ಕೆ ಪ್ರಾಣಿಕೊಬ್ಬು ಸೇರಿರುತ್ತದೆ. ಇವುಗಳಿಂದ ಮೀನು, ಕೊಬ್ಬನ್ನು ‘ತೆಗೆಯಲು’ ಬರುವುದಿಲ್ಲ. ಹೋಟೆಲಿನವರು ಬೇರೆಯೇ ಮಾಡಿಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಚಿಕನ್ ಕಟ್ಲೆಟ್ ತೆಗೆದು ಪನೀರ್ ಕಟ್ಲೆಟ್ ಇಟ್ಟ ‘ವೆಜ್ ಕತ್ಸು ಕರಿ’ಯ ಗ್ರೇವಿ ಎರಡಕ್ಕೂ ಒಂದೇ ಆಗಿರಬಹುದು.

ತೆಂಪುರಕ್ಕೆ ಎರಡು ಪ್ರಶ್ನೆ. ಹಿಟ್ಟಿನಲ್ಲಿ ಮೊಟ್ಟೆ ಇದೆಯೇ? ಸಾಂಪ್ರದಾಯಿಕ ಕ್ರಮದಲ್ಲಿ ಮೈದಾ, ತಣ್ಣೀರಿನ ಜೊತೆ ಮೊಟ್ಟೆ ಇರುತ್ತದೆ. ಸೀಗಡಿ ಕರಿದ ಎಣ್ಣೆಯಲ್ಲೇ ತರಕಾರಿಯನ್ನೂ ಕರಿಯುತ್ತಾರೆಯೇ? ಎರಡಕ್ಕೂ ಒಪ್ಪುವ ಉತ್ತರ ಬಂದರೆ ತೆಂಪುರ ತರಿಸಿ, ಅದ್ದಿಕೊಳ್ಳುವ ರಸದ ಬದಲು ಉಪ್ಪು ಕೇಳಿ. ತೆಂಪುರವನ್ನು ಉಪ್ಪಿನ ಜೊತೆ ತಿನ್ನುವುದು ಜಪಾನಿನಲ್ಲೂ ಇದೆ, ಗರಿಗರಿಯೂ ಉಳಿಯುತ್ತದೆ.

ಸುಶಿ ಎಂದರೆ ಹಸಿ ಮೀನು ಎಂದು ನಮ್ಮವರು ಹೆದರುತ್ತಾರೆ. ನಿಜಕ್ಕೂ ಸಸ್ಯಾಹಾರಿಗಳಿಗೆ ಇಡೀ ಮೆನುವಿನಲ್ಲಿ ಸಲೀಸಾದದ್ದು ಅದೇ. ಅನ್ನಕ್ಕೆ ಅಕ್ಕಿಯ ವಿನೆಗರ್, ಸಕ್ಕರೆ, ಉಪ್ಪು. ಸುತ್ತ ನೋರಿ ಪಾಚಿ. ಒಳಗೆ ಸೌತೆಕಾಯಿ, ಬೆಣ್ಣೆಹಣ್ಣು ಅಥವಾ ಹಳದಿ ಮೂಲಂಗಿ. ಸಾರಿನ ಗೊಡವೆಯೇ ಇಲ್ಲ. ಚಾಕು, ಮಣೆ, ಸುತ್ತುವ ಬಿದಿರು ಚಾಪೆ ಬೇರೆ ಬಳಸಲು ಹೇಳಿ. ಮುಂಬೈ, ಪುಣೆಯ ಎಷ್ಟೋ ಕಡೆ ಜೈನ ಗಿರಾಕಿಗಳ ದೆಸೆಯಿಂದ ಈ ಏರ್ಪಾಡು ಮೊದಲೇ ಇರುತ್ತದೆ. ಪಕ್ಕದಲ್ಲಿಡುವ ಹಸಿರು ಮುದ್ದೆಯನ್ನು ಚಟ್ನಿಯೆಂದು ಬಾಯಿಗೆ ಹಾಕಿಕೊಳ್ಳಬೇಡಿ ಎಂದು ಅತ್ತೆಯವರಿಗೆ ಮೊದಲೇ ಹೇಳಿಡಿ. ವಸಾಬಿ ಎಂದು ಬಡಿಸುವುದು ಹೆಚ್ಚಿನ ಕಡೆ ಹಾರ್ಸ್‌ರಾಡಿಶ್ ಬೇರು, ಸಾಸಿವೆ, ಹಸಿರು ಬಣ್ಣದ ಮಿಶ್ರಣ. ಸಸ್ಯಾಹಾರವೇ ಸರಿ, ಆದರೆ ಮೂಗಿಗೆ ಏರುತ್ತದೆ.

ಇನ್ನು ಮಗಳ ಕೊರಿಯನ್ ಊಟ. ಇಲ್ಲಿ ಎಚ್ಚರ ಸ್ವಲ್ಪ ಹೆಚ್ಚು ಬೇಕು.

ದಾಶಿಯ ಜಾಗದಲ್ಲಿ ಇಲ್ಲಿರುವುದು ಒಣ ಎಂಚೋವಿ ಮತ್ತು ಕಡಲಪಾಚಿ ಕುದಿಸಿದ ನೀರು. ಎಂಚೋವಿ ಎಂದರೆ ಮುಂಬೈ ಮಾರುಕಟ್ಟೆಯಲ್ಲಿ ಕಾಣುವ ಮಾಂದೇಲಿಯ ಬಳಗದ ಪುಟ್ಟ ಮೀನು. ‘ತೋಫು ಸ್ಟ್ಯೂ’, ‘ಸೋಯಾಬೀನ್ ಪೇಸ್ಟ್ ಸ್ಟ್ಯೂ’ ಎಂದು ಮೆನುವಿನಲ್ಲಿ ಮುಗ್ಧವಾಗಿ ಕೂತಿರುವ ಜಿಗೆಗಳೆಲ್ಲ (ಗಟ್ಟಿ ಸಾರುಗಳು) ಸಾಮಾನ್ಯವಾಗಿ ಇದರಲ್ಲೇ ಬೆಂದಿರುತ್ತವೆ. ಮಕ್ಕಳ ಅಚ್ಚುಮೆಚ್ಚಿನ ತೊಕ್‌ಪೊಕ್ಕಿಯೂ ಅಷ್ಟೆ: ಅಕ್ಕಿಯ ಕಡುಬು ಸಸ್ಯಾಹಾರ, ಕೆಂಪು ಗೊಚುಜಾಂಗ್ ಪೇಸ್ಟ್ ಸಾಮಾನ್ಯವಾಗಿ ಸಸ್ಯಾಹಾರ, ಎರಡನ್ನೂ ಬೇಯಿಸುವ ನೀರು ಅಲ್ಲ. ಆದರೆ ತೊಕ್‌ಪೊಕ್ಕಿಯನ್ನು ಆರ್ಡರ್ ಬಂದಮೇಲೆ ಮಾಡುವ ಕಡೆ ಬರೀ ನೀರಿನಲ್ಲಿ ಮಾಡಿಕೊಡಿ ಎಂದರೆ ಮಾಡುತ್ತಾರೆ. ಮೊಟ್ಟೆ, ಎಒಮುಕ್ ಎರಡೂ ಬೇಡ ಎಂದು ಸೇರಿಸಿ ಹೇಳಿ.

ಈ ಎಒಮುಕ್ ಬಗ್ಗೆ ಸ್ವಲ್ಪ ನಿಲ್ಲಬೇಕು. ಮೀನನ್ನು ಅರೆದು, ಹಿಟ್ಟು ಸೇರಿಸಿ, ಹಾಳೆಯಂತೆ ಮಾಡಿ ಕರಿದಿರುತ್ತಾರೆ. ಕತ್ತರಿಸಿ ಬಾಡಿಸಿದಾಗ ಕಂದು ಅಂಚಿನ, ಒಳಗೆ ಬಿಳಿಯಾದ ಮೆತ್ತನೆಯ ಪಟ್ಟಿಗಳಾಗುತ್ತವೆ. ಮುಳ್ಳಿಲ್ಲ, ಮೀನಿನ ಆಕಾರವಿಲ್ಲ, ವಾಸನೆಯೂ ಅಷ್ಟಿಲ್ಲ. ಹುರಿದ ತೋಫು ಎಂದೋ ಪನೀರ್ ಎಂದೋ ತಿಂದುಬಿಡುವುದು ಸುಲಭ. ಅದು ಬರುವುದೂ ಕೇಳದೆಯೇ. ಕೊರಿಯನ್ ಹೋಟೆಲಿನಲ್ಲಿ ಕೂತ ಕೂಡಲೇ ಚಿಕ್ಕ ಚಿಕ್ಕ ಬಟ್ಟಲುಗಳಲ್ಲಿ ಬಾಂಚನ್ ತಂದಿಡುತ್ತಾರೆ. ಬೇರೆ ದುಡ್ಡಿಲ್ಲ, ಮುಗಿದರೆ ಸಾಮಾನ್ಯವಾಗಿ ಮತ್ತೆ ಹಾಕುತ್ತಾರೆ. ಅದರಲ್ಲಿ ಎಳ್ಳೆಣ್ಣೆ ಹಚ್ಚಿದ ಪಾಲಕ್, ಸೋಯಾ ಮೊಳಕೆ, ಸಿಹಿ ಸೋಯಾ ಸಾಸಿನ ಆಲೂಗಡ್ಡೆಗಳ ನಡುವೆಯೇ ಎಒಮುಕ್ ಕೂತಿರುತ್ತದೆ, ಸಿಹಿಪಾಕದಲ್ಲಿ ಹುರಿದ ಇಡೀ ಎಂಚೋವಿಯೂ ಇರಬಹುದು. ಚಮಚ ಒಂದರಿಂದ ಇನ್ನೊಂದಕ್ಕೆ ಓಡಾಡುವ ಮೊದಲೇ, ಅಂದರೆ ಬಟ್ಟಲುಗಳು ಟೇಬಲ್ಲಿಗೆ ಬರುವ ಮೊದಲೇ, ‘ಸೈಡ್ ಡಿಶ್ ಸಿರ್ಫ್ ವೆಜ್ ವಾಲೇ ಲಾನಾ, ಕಿಮ್ಚಿ ಮತ್ ಲಾನಾ’ ಎಂದುಬಿಡಿ.

ಕಿಮ್ಚಿ ಯಾಕೆ ಬೇಡ? ಕೋಸಿಗೆ ಉಪ್ಪು, ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿಯ ಜೊತೆ ಮೀನಿನ ಸಾಸ್, ಉಪ್ಪಿನಲ್ಲಿ ಹುಳಿಸಿದ ಸೀಗಡಿ ಹಚ್ಚುವುದು ರೂಢಿ. ಕೆಲವು ಕಡೆ ಅವನ್ನು ಬಿಟ್ಟು ಬೇರೆ ಡಬ್ಬಿ ಹಾಕಿಟ್ಟಿರುತ್ತಾರೆ. ಹಾಗಿದ್ದರೆ ಧಾರಾಳವಾಗಿ ತಿನ್ನಿ. ಇಲ್ಲದಿದ್ದರೆ ಕಿಮ್ಚಿ ಫ್ರೈಡ್ ರೈಸ್, ಕಿಮ್ಚಿ ದೋಸೆ, ಕಿಮ್ಚಿ ಮಂಡು (ಮೋಮೊದಂಥ ಕಡುಬು) ಎಲ್ಲವೂ ಪಟ್ಟಿಯಿಂದ ಹೊರಗೆ. ಅತ್ತೆಯವರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಟ್ಟವರಾದರೆ ಕೊರಿಯನ್ ಹೋಟೆಲ್ ಕಷ್ಟವೇ, ಜಪಾನಿಯದ್ದು ಮೇಲು. ಕೊರಿಯಾದ ಬೌದ್ಧ ಮಠಗಳಲ್ಲೂ ಬೆಳ್ಳುಳ್ಳಿ, ಈರುಳ್ಳಿಯ ಜಾತಿಯವು ನಿಷಿದ್ಧ. ತಮಾಷೆಯೆಂದರೆ ಆ ಐದರ ಪಟ್ಟಿಯಲ್ಲಿ ಇಂಗೂ ಇದೆ. ನಾವು ಈರುಳ್ಳಿ ಬಿಟ್ಟ ದಿನ ನೆಚ್ಚಿಕೊಳ್ಳುವುದೇ ಅದನ್ನು.

ಹೋಟೆಲನ್ನು ಆರಿಸುವುದು ಹೇಗೆ? ಪುಣೆಯ ಸುತ್ತ ರಂಜನ್‌ಗಾಂವ್‌ನಲ್ಲಿ ಎಲ್‌ಜಿ, ತಳೆಗಾಂವ್‌ನಲ್ಲಿ ಹ್ಯುಂಡೈ ಇರುವುದರಿಂದ ಕೊರಿಯಾದವರು ಇಲ್ಲಿ ಬಂದು ನೆಲೆಸುತ್ತಾರೆ, ಅವರಿಗಾಗಿಯೇ ನಡೆಯುವ ಹೋಟೆಲುಗಳಿವೆ. ರುಚಿ ಅಲ್ಲಿ ಅಸಲಿ. ಆದರೆ ಮಾಂಸದ ಹೋಳು ತೆಗೆದರೆ ಸಸ್ಯಾಹಾರವಾಯಿತು ಎಂಬ ಎಣಿಕೆಯೂ ಅಲ್ಲೇ ಹೆಚ್ಚು. ಇನ್ನೊಂದು ಬಗೆ, ಸುಶಿ, ಡಿಮ್‌ಸಮ್, ರಾಮೆನ್ ಎಲ್ಲ ಒಂದೇ ಮೆನುವಿನಲ್ಲಿ ಇಡುವ ಕೆಫೆಗಳು. ರುಚಿ ನಮ್ಮ ನಾಲಗೆಗೆ ಬಗ್ಗಿಸಿದ್ದು, ಆದರೆ ಬೇರೆ ಬಾಣಲೆ, ಮೊಟ್ಟೆಯಿಲ್ಲದ ಮೇಯೊ, ವೆಜ್ ಸಾರು ಇರುವ ಸಾಧ್ಯತೆ ಹೆಚ್ಚು. ಅತ್ತೆಯವರು ಜೊತೆಗಿರುವ ದಿನ ಎರಡನೆಯದಕ್ಕೇ ಹೋಗಿ. ಮಗಳ ಜೊತೆ ಇನ್ನೊಂದು ದಿನ ಮೊದಲನೆಯದಕ್ಕೆ ಹೋಗಬಹುದು.

ಎಲ್ಲಿಗೇ ಆಗಲಿ, ಹಿಂದಿನ ದಿನ ಸಂಜೆ 4ರಿಂದ 6ರೊಳಗೆ ಫೋನ್ ಮಾಡಿ. ಮಧ್ಯಾಹ್ನದ ಗಲಾಟೆ ಮುಗಿದು ರಾತ್ರಿಗೆ ತಯಾರಿ ನಡೆಯುವ ಹೊತ್ತು ಅದು, ಬಾಣಸಿಗ ಮಾತಿಗೆ ಸಿಗುತ್ತಾನೆ. ‘ಸೂಪ್ ಕಾ ಸ್ಟಾಕ್ ಕಿಸ್ ಸೇ ಬನ್ತಾ ಹೈ?’ ‘ಕಿಮ್ಚಿ ಮೇ ಫಿಶ್ ಸಾಸ್ ಯಾ ಝಿಂಗಾ ಪಡ್ತಾ ಹೈ?’ ‘ವೆಜ್ ತಲ್ನೇ ಕೀ ಕಢಾಯೀ ಅಲಗ್ ಹೈ?’ ಈ ಮೂರು ಸಾಕು. ಕೊಂಬು ತಣ್ಣೀರಿನಲ್ಲಿ ರಾತ್ರಿಯಿಡೀ ನೆಂದರೂ ದಾಶಿಯಾಗುತ್ತದೆ, ಹಾಗಾಗಿ ಹಿಂದಿನ ದಿನವೇ ಹೇಳಿದರೆ ಅಡುಗೆಯವರಿಗೆ ಅದೇನೂ ಭಾರವಲ್ಲ. ರಾಮ್ಯೊನ್, ಅಂದರೆ ಕೊರಿಯನ್ ನೂಡಲ್ಸ್, ಪ್ಯಾಕೆಟ್ಟಿನದಾಗಿದ್ದರೆ ಪ್ಯಾಕೆಟ್ಟನ್ನೇ ತೋರಿಸಲು ಹೇಳಿ. ನಮ್ಮ ಕಾನೂನಿನಲ್ಲಿ ಮೊಟ್ಟೆಯಿರುವ ಪ್ಯಾಕೆಟ್ಟಿಗೂ ಹಸಿರು ಗುರುತು ಹಾಕುವಂತಿಲ್ಲ.

ನಿಮ್ಮ ಮನೆಯವರಿಗೆ ಹೊಂದುವ ಆರ್ಡರ್ ಹೀಗಿರಲಿ: ಉಪ್ಪು ಹಾಕಿ ಬೇಯಿಸಿದ ಎದಮಾಮೆ (ಎಳೆಯ ಸೋಯಾ ಕಾಯಿ), ಸೌತೆಕಾಯಿ ಮತ್ತು ಬೆಣ್ಣೆಹಣ್ಣಿನ ಸುಶಿ, ಮಗಳಿಗೆ ನೀರಿನಲ್ಲಿ ಮಾಡಿದ ತೊಕ್‌ಪೊಕ್ಕಿ, ಎಲ್ಲರ ನಡುವೆ ಎರಡು ದೊಲ್‌ಸೊತ್ ಬಿಬಿಂಬಾಪ್, ಅಂದರೆ ಕಾದ ಕಲ್ಲಿನ ಬೋಗುಣಿಯಲ್ಲಿ ಬರುವ ತರಕಾರಿ ಕಲಸನ್ನ. ಬಿಬಿಂಬಾಪ್‌ಗೆ ಮಾಂಸ, ಮೊಟ್ಟೆ ಬೇಡ ಎನ್ನಿ. ಗೊಚುಜಾಂಗನ್ನು ಬೇರೆ ಬಟ್ಟಲಲ್ಲಿ ತರಿಸಿ, ಅದಕ್ಕೆ ಮಾಂಸದ ಪುಡಿ ಸೇರಿಸಿ ಹುರಿದಿಲ್ಲ ಎಂಬುದನ್ನು ಖಚಿತ ಮಾಡಿಕೊಳ್ಳಿ. ಕಲ್ಲಿನ ಬೋಗುಣಿ ಚುಂಯ್ ಎನ್ನುತ್ತಲೇ ಬರುತ್ತದೆ. ತಕ್ಷಣ ಕಲೆಸಬೇಡಿ. ಒಂದೆರಡು ನಿಮಿಷ ಬಿಟ್ಟರೆ ತಳದ ಅನ್ನ ಎಳ್ಳೆಣ್ಣೆಯಲ್ಲಿ ಕೆಂಪಗೆ ಹೊರಳಿ ಗರಿಗರಿಯಾಗುತ್ತದೆ, ತಿನ್ನುವ ಸುಖವೇ ಅದರಲ್ಲಿದೆ. ಆಮೇಲೆ ಒಂದು ಚಮಚ ಪೇಸ್ಟ್ ಹಾಕಿ ತಳದಿಂದ ಮೇಲಕ್ಕೆ ಕಲೆಸಿ, ರುಚಿ ನೋಡಿ ಇನ್ನಷ್ಟು ಹಾಕಿ. ಕೊರಿಯಾದಲ್ಲಿ ಅನ್ನವನ್ನು ಚಮಚದಲ್ಲೇ ಉಣ್ಣುವುದು, ಕಡ್ಡಿಗಳ ಸರ್ಕಸ್ ಬೇಕಿಲ್ಲ. ಬೋಗುಣಿಯ ಅಂಚು ಕೈ ಸುಡುತ್ತದೆ, ಮಗುವಿನಿಂದ ದೂರವಿಡಿ. ಟೇಬಲ್ಲಿನಲ್ಲೇ ಸುಡುವ ಗ್ರಿಲ್ ಇದ್ದರೆ, ಹಿಂದಿನವರ ಹಂದಿಕೊಬ್ಬು ಹರಿದ ತಟ್ಟೆಯ ಮೇಲೆ ಅಣಬೆ ಹಾಕಿಸಿಕೊಳ್ಳಬೇಡಿ, ಬದಲಿಸಲು ಹೇಳಿ.

ಸಿಹಿಗೆ ಹೊತ್ತೊಕ್ ಇದ್ದರೆ ಬಿಡಬೇಡಿ. ಬೆಲ್ಲದ ಬಣ್ಣದ ಸಕ್ಕರೆ, ದಾಲ್ಚಿನ್ನಿ, ಕಾಯಿಬೀಜ ತುಂಬಿ ಕಾವಲಿಯಲ್ಲಿ ಬೇಯಿಸುವ ಅದು ನಮ್ಮ ಒಬ್ಬಟ್ಟಿನ ದೂರದ ನೆಂಟ. ಹಿಟ್ಟಿನಲ್ಲಿ ಮೊಟ್ಟೆ ಇಲ್ಲವೆಂದು ಕೇಳಿಕೊಂಡರಾಯಿತು. ನಡುಗುವ ಪುಡಿಂಗ್, ಮೂಸ್‌ಗಳಲ್ಲಿ ಜೆಲಟಿನ್ ಇರಬಹುದು. ಕಡಲಪಾಚಿಯಿಂದ ತೆಗೆದ ಅಗರ್‌ಅಗರ್ ಎಂದರೆ ತಕರಾರಿಲ್ಲ.

ಬಿಲ್ಲಿನ ಮಾತೂ ಒಂದು. ಸಾಧಾರಣ ಹೋಟೆಲಿನ ಊಟಕ್ಕೆ ಜಿಎಸ್‌ಟಿ ಶೇ 5. ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಕೋಣೆಗಳಿರುವ ದೊಡ್ಡ ಹೋಟೆಲುಗಳೊಳಗಿನ ರೆಸ್ಟೊರೆಂಟ್‌ಗಳಲ್ಲಿ ಶೇ 18. ಮುಂಬೈಯ ತಾಜ್‌ನಲ್ಲಿ 2004ರಲ್ಲಿ ಶುರುವಾದ ‘ವಸಾಬಿ’ ಎಂಬ ಜಪಾನಿ ರೆಸ್ಟೊರೆಂಟಿನಂಥವು ಈ ಸಾಲಿನವು. ಸೇವಾ ಶುಲ್ಕ ಇವೆರಡರಲ್ಲೂ ಕಡ್ಡಾಯವಲ್ಲ. ಬಿಲ್ಲಿನಲ್ಲಿ ತಾನಾಗಿ ಸೇರಿಸಿದ್ದರೆ ತೆಗೆಸಿ. ನಿಮಗಾಗಿ ಬೇರೆ ದಾಶಿ ನೆನೆಸಿಟ್ಟಿದ್ದರೆ ಆ ದುಡ್ಡನ್ನು ಮಾಣಿಯ, ಅಡುಗೆಯವರ ಕೈಗೇ ಕೊಡಿ.