ಚೀಲದ ಮೇಲೆ ಬರೆದಿದ್ದೇ ಒಂದು, ಒಳಗಿರೋದೇ ಒಂದು

ಹೋದ ವಾರ ಮೂಡಿಗೆರೆ ಕಡೆಯ ಹುಡುಗನೊಬ್ಬ ಪೆನ್‌ಡ್ರೈವ್ ಹಿಡಿದು ನಮ್ಮ ಅಂಗಡಿಗೆ ಬಂದ. ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಸಂದಿಯೊಂದರಲ್ಲಿ ನನ್ನದು ಜೆರಾಕ್ಸ್, ಡಿಟಿಪಿ ಕೆಲಸ. "ಅಣ್ಣಾ, ಮಾರ್ಕ್ಸ್ ಕಾರ್ಡ್ ಪಿಡಿಎಫ್ ಅಪ್‌ಲೋಡ್ ಆಗ್ತಾನೇ ಇಲ್ಲ, ಸ್ವಲ್ಪ ನೋಡಿ" ಅಂದ. ಡಬಲ್ ಕ್ಲಿಕ್ ಮಾಡಿದೆ. ಫೈಲ್ ಹಾಳಾಗಿದೆ, ತೆರೆಯೋಕಾಗಲ್ಲ ಅಂತ ಬಂತು.

"ಇದನ್ನ ಹೇಗೆ ಮಾಡ್ದೆ ಮಾರಾಯಾ?"

"ಮೊಬೈಲಲ್ಲಿ ಫೋಟೋ ಹೊಡೆದೆ. ಹೆಸರಿನ ಕೊನೇಲಿ ಜೆಪಿಜಿ ಅಂತಿತ್ತು. ಅಳಿಸಿ ಪಿಡಿಎಫ್ ಅಂತ ಹಾಕ್ದೆ."

ಅವರ ಮನೆಯಲ್ಲಿ ಕಾಫಿ ತೋಟ ಇದೆ. ಹಾಗಾಗಿ ಕೇಳಿದೆ: "ರೊಬಸ್ಟಾ ಚೆರ್ರಿ ಚೀಲದ ಮೇಲೆ ಅರೇಬಿಕಾ ಪಾರ್ಚ್‌ಮೆಂಟ್ ಅಂತ ಬರೆದ್ರೆ ನಿಮ್ಮಪ್ಪನಿಗೆ ಆ ರೇಟ್ ಸಿಗುತ್ತಾ?" ಹುಡುಗ ನಕ್ಕ. ಕಾಫಿ ಕೊಳ್ಳುವವರು ಚೀಲದ ಬರಹ ನೋಡಿ ದುಡ್ಡು ಎಣಿಸುವುದಿಲ್ಲ. ಚೂಪು ಮೂತಿಯ ಕೊಳವೆಯನ್ನು ಚೀಲಕ್ಕೆ ಚುಚ್ಚಿ, ಅಂಗೈಗೆ ನಾಲ್ಕು ಬೀಜ ಸುರಿದುಕೊಂಡು ನೋಡುತ್ತಾರೆ.

ವಿಂಡೋಸ್ ಹಾಗಲ್ಲ, ಅದು ಓದೋದು ಚೀಲದ ಮೇಲಿನ ಬರಹವನ್ನಷ್ಟೇ. ನೀವು ಡಬಲ್ ಕ್ಲಿಕ್ ಮಾಡಿದಾಗ ಹೆಸರಿನ ಕೊನೆಯ ಚುಕ್ಕಿ ಆದಮೇಲೆ ಏನಿದೆ ಅಂತ ನೋಡುತ್ತದೆ. ಆಮೇಲೆ ರಿಜಿಸ್ಟ್ರಿ ಅನ್ನೋ ದೊಡ್ಡ ಖಾತೆ ಪುಸ್ತಕ ಬಿಚ್ಚುತ್ತದೆ. ಅಲ್ಲಿ ಡಾಟ್ ಟಿಎಕ್ಸ್‌ಟಿ ಅಂತ ಹುಡುಕಿದರೆ ನೇರವಾಗಿ ಪ್ರೋಗ್ರಾಮ್ ಹೆಸರು ಸಿಗುವುದಿಲ್ಲ, 'ಟಿಎಕ್ಸ್‌ಟಿ ಫೈಲ್' ಅನ್ನೋ ಇನ್ನೊಂದು ಹೆಸರು ಸಿಗುತ್ತದೆ. ಆ ಹೆಸರಿನ ಪುಟಕ್ಕೆ ಹೋದರೆ, ಇದನ್ನು ತೆರೆಯೋಕೆ ನೋಟ್‌ಪ್ಯಾಡ್ ಕರೆಯಿರಿ ಅಂತ ಒಂದು ಸಾಲು. ಆ ಸಾಲಿನ ಕೊನೆಯಲ್ಲಿ ಶೇಕಡಾ ಚಿಹ್ನೆ ಮತ್ತು 1 ಇರುತ್ತದೆ. ನೀವು ಕ್ಲಿಕ್ ಮಾಡಿದ ಫೈಲಿನ ಹೆಸರು ಬಂದು ಕೂರುವ ಖಾಲಿ ಜಾಗ ಅದು.

ಈ ಪುಸ್ತಕದಲ್ಲಿ ಯಾರು ಬೇಕಾದರೂ ಗೀಚಬಹುದಾದ ಕಾಲವೊಂದಿತ್ತು. ಹೊಸ ವಿಡಿಯೋ ಪ್ಲೇಯರ್ ಹಾಕಿಕೊಂಡರೆ ಸಾಕು, ಹಾಡು, ಫೋಟೋ ಎಲ್ಲ ತನ್ನದೇ ಅಂತ ಬರೆದುಕೊಂಡುಬಿಡುತ್ತಿತ್ತು. ವಿಂಡೋಸ್ 8ರಿಂದ ಬಳಕೆದಾರ ತಾನೇ ಆರಿಸಿದ ಪ್ರೋಗ್ರಾಮಿನ ಪಕ್ಕ ಒಂದು ಗುಪ್ತ ಲೆಕ್ಕವನ್ನೂ ಬರೆದಿಡುವ ಪದ್ಧತಿ ಬಂತು. ಬೇರೆ ಪ್ರೋಗ್ರಾಮ್ ಬಂದು ಗೀಚಿದರೆ ಲೆಕ್ಕ ತಾಳೆಯಾಗುವುದಿಲ್ಲ, ಆಗ ಆ ಆಯ್ಕೆಗೆ ಬೆಲೆ ಇಲ್ಲ.

ಚುಕ್ಕಿ ಆದಮೇಲೆ ಬರುವ ಮೂರಕ್ಷರದ ಈ ಬಾಲ ಹಳೇ ಕಾಲದ್ದು. 1970ರ ದಶಕದ ಸಿಪಿ/ಎಂ ಅನ್ನೋ, ಕಂಪ್ಯೂಟರ್ ನಡೆಸುವ ವ್ಯವಸ್ಥೆಯಲ್ಲೇ ಇತ್ತು, 1981ರಲ್ಲಿ ಐಬಿಎಂ ಪಿಸಿ ಜೊತೆ ಬಂದ ಡಾಸ್ ಅದನ್ನೇ ಮುಂದುವರಿಸಿತು. ಹೆಸರಿಗೆ 8 ಅಕ್ಷರ, ಬಾಲಕ್ಕೆ 3. ನಾಲ್ಕಕ್ಷರದ ಜೆಪಿಇಜಿ ಸೊರಗಿ ಜೆಪಿಜಿ ಆಗಿದ್ದು ಹೀಗೆ.

1984ರಲ್ಲಿ ಬಂದ ಆಪಲ್‌ನ ಮ್ಯಾಕಿಂತೋಷ್ ಕಂಪ್ಯೂಟರ್ ಬೇರೆ ದಾರಿ ಹಿಡಿದಿತ್ತು. ಪ್ರತಿ ಫೈಲಿಗೂ ನಾಲ್ಕಕ್ಷರದ ಎರಡು ಗುರುತು. ಒಂದು ಇದು ಯಾವ ಬಗೆಯದು ಅಂತ, ಇನ್ನೊಂದು ಇದನ್ನು ಮಾಡಿದ ಪ್ರೋಗ್ರಾಮ್ ಯಾವುದು ಅಂತ. ಎರಡೂ ಹೆಸರಿನಲ್ಲಿ ಇರುತ್ತಿರಲಿಲ್ಲ, ಪಕ್ಕದಲ್ಲಿ ಬೇರೆಯಾಗಿ ಇರುತ್ತಿದ್ದವು. ಹಾಗಾಗಿ ಒಂದೇ ಬಗೆಯ ಎರಡು ಫೈಲ್‌ಗಳು, ತಮ್ಮನ್ನು ಯಾವ ಪ್ರೋಗ್ರಾಮ್ ಮಾಡಿತೋ ಅದರ ಹತ್ತಿರವೇ ಹೋಗಿ ತೆರೆದುಕೊಳ್ಳುತ್ತಿದ್ದವು. ನನಗೆ ಇದೇ ಜಾಸ್ತಿ ಮರ್ಯಾದೆಯ ಏರ್ಪಾಡು ಅನ್ನಿಸುತ್ತದೆ. ಆದರೆ ಬೇರೆ ಕಂಪ್ಯೂಟರಿಗೆ ದಾಟಿಸುವಾಗ ಆ ಗುರುತು ಕಳಚಿ ಬೀಳುತ್ತಿತ್ತು. ಕೊನೆಗೆ ಮ್ಯಾಕ್ ಕೂಡ ಬಾಲಕ್ಕೇ ಬಂತು.

ಹಾಗಾದರೆ ಕೊಳವೆ ಚುಚ್ಚಿ ನೋಡುವವರು ಯಾರೂ ಇಲ್ವಾ? ಇದ್ದಾರೆ. ಯುನಿಕ್ಸ್ ಅನ್ನೋ ಇನ್ನೊಂದು ವ್ಯವಸ್ಥೆಯಲ್ಲಿ 'ಫೈಲ್' ಅಂತಲೇ ಒಂದು ಆಜ್ಞೆ ಇದೆ, 1973ರಷ್ಟು ಹಳೆಯದು. ಫೈಲಿನ ಹೆಸರನ್ನು ಅದು ನೆಚ್ಚುವುದಿಲ್ಲ. ಒಳಗಿನ ಮೊದಲ ಕೆಲವು ಬೈಟ್‌ಗಳನ್ನು, ಅಂದರೆ ಫೈಲ್ ಕಟ್ಟಿರುವ ಪುಟ್ಟ ಸಂಖ್ಯೆಗಳನ್ನು ಓದಿ, ಇದು ಇಂಥದ್ದು ಅಂತ ಹೇಳುತ್ತದೆ. ಆ ಬೈಟ್‌ಗಳಿಗೆ ಮ್ಯಾಜಿಕ್ ನಂಬರ್ ಅಂತ ಹೆಸರು.

ಹುಡುಗನ ಎದುರಿಗೇ ಅವನ 'ಪಿಡಿಎಫ್' ಅನ್ನು ನೋಟ್‌ಪ್ಯಾಡಿಗೆ ಎಳೆದು ಹಾಕಿದೆ. ತೆರೆಯ ತುಂಬ ಚಿತ್ರವಿಚಿತ್ರ ಅಕ್ಷರ. ಮೊದಲನೆಯದು ತಲೆ ಮೇಲೆ ಎರಡು ಚುಕ್ಕೆ ಇಟ್ಟುಕೊಂಡ ಇಂಗ್ಲಿಷ್ ವೈ, ಆಮೇಲೆ ಅಡ್ಡಗೀಟು ಹೊಡೆದ ಓ, ಮತ್ತೆ ಅದೇ ವೈ. ಸಂಖ್ಯೆಯಲ್ಲಿ ಹೇಳಿದರೆ 255, 216, 255. ಜೆಪಿಜಿ ಶುರುವಾಗುವುದೇ ಹೀಗೆ, ನೀವು ಏನೇ ಹೆಸರಿಡಿ. ನಿಜವಾದ ಪಿಡಿಎಫ್ ಒಂದನ್ನು ಹಾಗೇ ತೆರೆದೆ. ಮೊದಲ ಸಾಲಿನಲ್ಲಿ ಶೇಕಡಾ ಚಿಹ್ನೆ, ಅಂಟಿಕೊಂಡಂತೆ ಪಿ, ಡಿ, ಎಫ್, ಮುಂದೆ 1.4. "ಓ, ಒಳಗೇ ಬರ್ಕೊಂಡಿದೆ!" ಅಂದ.

ಮೂರನೆಯದಾಗಿ ವರ್ಡ್ ಫೈಲೊಂದನ್ನು ತೆರೆದೆ. ಶುರುವಿನಲ್ಲಿ ಪಿ, ಕೆ ಅಂತ ಎರಡಕ್ಷರ. ಇದು 1989ರಲ್ಲಿ, ಹಲವು ಫೈಲ್‌ಗಳನ್ನು ಒಂದೇ ಗಂಟಾಗಿ ಕಟ್ಟುವ ಜಿಪ್ ರೂಪ ತಂದ ಫಿಲ್ ಕಾಟ್ಜ್ ಹೆಸರಿನ ಮೊದಲಕ್ಷರಗಳು. ವರ್ಡ್ ಫೈಲಿಗೂ ಅವನಿಗೂ ಏನು ಸಂಬಂಧ ಅಂತೀರಾ? 2007ರಿಂದ ಬಂದ ಡಾಕ್ಸ್ ಫೈಲ್ ಅಂದರೆ ಅಸಲಿಗೆ ಒಂದು ಜಿಪ್ ಗಂಟು. ಒಂದು ನಕಲು ಮಾಡಿಕೊಂಡು, ಬಾಲ ಬದಲಿಸಿ ಜಿಪ್ ಅಂತ ಹಾಕಿ ನೋಡಿ. ಗಂಟು ಬಿಚ್ಚಿಕೊಳ್ಳುತ್ತದೆ. ನೀವು ಹಾಕಿದ ಫೋಟೋಗಳೆಲ್ಲ ಒಂದು ಫೋಲ್ಡರಿನಲ್ಲಿ ಸಾಲಾಗಿ ಕೂತಿರುತ್ತವೆ. ಮದುವೆ ಆಲ್ಬಂ ಕೆಲಸಕ್ಕೆ ಫೋಟೋಗಳನ್ನು ವರ್ಡ್‌ನಲ್ಲಿ ಅಂಟಿಸಿ ಕಳಿಸುವ ಗಿರಾಕಿಗಳಿಂದ ನಾನು ಬದುಕಿಕೊಂಡಿದ್ದು ಈ ಉಪಾಯದಿಂದಲೇ.

ಬಾಲ ನಂಬಿದರೆ ಮೋಸವೂ ಸುಲಭ. ವಿಂಡೋಸ್ ತನಗೆ ಗೊತ್ತಿರುವ ಬಾಲಗಳನ್ನು ಸುಮ್ನೆ ಬಚ್ಚಿಡುತ್ತದೆ. 2000ದ ಮೇ ತಿಂಗಳಲ್ಲಿ ಜಗತ್ತೆಲ್ಲ ಹರಡಿದ 'ಐ ಲವ್ ಯೂ' ವೈರಸ್ ಹಿಡಿದದ್ದು ಇದೇ ಸಂದಿಯನ್ನು. ಪ್ರೇಮಪತ್ರ, ಡಾಟ್ ಟಿಎಕ್ಸ್‌ಟಿ ಅಂತ ಕಾಣುತ್ತಿತ್ತು. ಅದರ ಹಿಂದೆ ಡಾಟ್ ವಿಬಿಎಸ್ ಅಂತ ಇನ್ನೊಂದು ಬಾಲ ಮರೆಯಲ್ಲಿತ್ತು. ಪತ್ರ ಅಲ್ಲ, ಪ್ರೋಗ್ರಾಮ್! ಈಗ ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ ಅಂತ ಬರುವ ಎಪಿಕೆ ಫೈಲ್‌ಗಳೂ ಅದೇ ಜಾತಿ. ಕರೆಯೋಲೆ ಫೋಟೋ ಆಗಿರಬಹುದು, ಪಿಡಿಎಫ್ ಆಗಿರಬಹುದು. ಎಪಿಕೆ ಅಂದರೆ ಫೋನಿಗೆ ಹಾಕುವ ಆ್ಯಪ್.

ಹುಡುಗನ ಫೋಟೋವನ್ನು ಪ್ರಿಂಟ್ ಆಜ್ಞೆಯಿಂದ ಸರಿಯಾದ ಪಿಡಿಎಫ್ ಮಾಡಿಕೊಟ್ಟೆ. ಹೊರಡುವ ಮುಂಚೆ, ಅವರಪ್ಪ ಕೊಟ್ಟಿದ್ದ ಹಳೇ ವರ್ಡ್ ಫೈಲೊಂದನ್ನೂ ತೋರಿಸಿದ. ಬಾಲ ಸರಿ, ಒಳಗೂ ಸರಿ, ವರ್ಡ್ ತೆರೆದೂ ತೆರೆಯಿತು. ಆದರೆ ಪುಟದ ತುಂಬ ಇಂಗ್ಲಿಷ್ ಪಿ, ಗೀಟು ಇಟ್ಟ ಎ, ಪೌಂಡ್ ಚಿಹ್ನೆ.

"ಇದೂ ಹಾಳಾಗಿದ್ಯಾ ಅಣ್ಣಾ?"

ಹಾಳಾಗಿರಲಿಲ್ಲ. ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಪ್ರತಿ ಭಾಷೆಯ ಅಕ್ಷರಕ್ಕೂ ಬೇರೆ ಸಂಖ್ಯೆ ಕೊಡುವ ಯುನಿಕೋಡ್ ರೂಢಿಗೆ ಬರುವ ಮುಂಚೆ ಕನ್ನಡಕ್ಕೆ ತನ್ನದೇ ಸಂಖ್ಯೆ ಬಳಸುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದ ಸಂಖ್ಯೆಯನ್ನೇ ಇಟ್ಟು, ಮೇಲೆ ಕನ್ನಡದ ಆಕಾರ ತೊಡಿಸುತ್ತಿದ್ದರು. ಪಿ ಜೊತೆ ಗೀಟಿನ ಎ ಸೇರಿದರೆ 'ಕ', ಪೌಂಡ್ ಜೊತೆ ಸೇರಿದರೆ 'ನ'. ಇದು ಕನ್ನಡ ಅಂತ ಆ ಸಂಖ್ಯೆಗಳಲ್ಲಿ ಎಲ್ಲೂ ಬರೆದಿರುವುದಿಲ್ಲ. ಅವನ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲ, ನನ್ನ ಹೊಸ ಕಂಪ್ಯೂಟರಿನಲ್ಲೂ ಇರಲಿಲ್ಲ. ಒಳಗಿನ ಹಳೇ ಡಬ್ಬಾ ಕಂಪ್ಯೂಟರ್ ಆನ್ ಮಾಡಿ, ಪೆನ್‌ಡ್ರೈವ್ ಚುಚ್ಚಿದೆ. 'ಮನೆಯವರಿಗೆ, ಕ್ಷೇಮ' ಅಂತ ಸಾಲು ಕಂಡಿತು. ಹುಡುಗ ಕುರ್ಚಿ ಎಳೆದುಕೊಂಡು ಓದತೊಡಗಿದ. ನಾನು ಮುಂದಿನ ಗಿರಾಕಿಯ ಆಧಾರ್ ಜೆರಾಕ್ಸ್‌ಗೆ ಎದ್ದೆ.