ಆಗಸ್ಟ್ 16ರ ಸುದ್ದಿ ಜನಕ್ಕೆ ಮುಟ್ಟಿದ ಬಗೆ

ಹಳೇ ರಾಕ್ ಕೇಳುವವರಿಗೆ ಆಗಸ್ಟ್ 16 ಅಂದರೆ ಎಲ್ವಿಸ್ ಪ್ರೀಸ್ಲಿ ತೀರಿಕೊಂಡ ದಿನ. ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ಹೋಗಿದ್ದೂ ಅದೇ ತಾರೀಕು, ಸೋಲ್ ಗಾಯಕಿ ಅರೀಥಾ ಫ್ರಾಂಕ್ಲಿನ್ ಹೋಗಿದ್ದೂ ಅದೇ ತಾರೀಕು. ಪಾಪ್ ಗಾಯಕಿ ಮಡೋನಾ ಹುಟ್ಟಿದ್ದು, ಇಂಗ್ಲೆಂಡಿನ ಬೀಟಲ್ಸ್ ತಂಡ ತನ್ನ ಡ್ರಮ್ಮರ್‌ನನ್ನು ಕೈಬಿಟ್ಟಿದ್ದು ಕೂಡ ಅವತ್ತೇ. ಇದರಲ್ಲಿ ಗ್ರಹಗತಿ ಹುಡುಕಬೇಕಿಲ್ಲ. ಇರುವುದೇ 365 ದಿನ, ಹಾಡುವವರು ಲೆಕ್ಕವಿಲ್ಲದಷ್ಟು. ಆದರೆ ಈ ಸುದ್ದಿಗಳು ಜನಕ್ಕೆ ಹೇಗೆ ಮುಟ್ಟಿದವು ಅಂತ ನೋಡಿದರೆ, 80 ವರ್ಷದಲ್ಲಿ ಪಾಪ್ ಸಂಗೀತ ಎಷ್ಟು ಬೆಳೆಯಿತು ಅನ್ನುವುದು ತಿಳಿಯುತ್ತದೆ.

1938ರದ್ದು ಸುದ್ದಿಯೇ ಆಗಲಿಲ್ಲ. ಜಾನ್ಸನ್‌ಗೆ ಆಗ 27 ವರ್ಷ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ಮತ್ತು ಡಲ್ಲಾಸ್‌ನಲ್ಲಿ ರೆಕಾರ್ಡ್ ಮಾಡಿದ 29 ಹಾಡುಗಳೇ ಅವರ ಇಡೀ ಆಸ್ತಿ. ಮಿಸಿಸಿಪ್ಪಿಯ ಗ್ರೀನ್‌ವುಡ್ ಹತ್ತಿರ ಪ್ರಾಣ ಬಿಟ್ಟರು. ವಿಷ ಹಾಕಿದರು ಅನ್ನುವ ಮಾತು ಇವತ್ತಿಗೂ ಓಡಾಡುತ್ತಿದೆ. ಅದೇ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಕಾರ್ಯಕ್ರಮ ಇಟ್ಟುಕೊಂಡಿದ್ದ ರೆಕಾರ್ಡ್ ನಿರ್ಮಾಪಕ ಜಾನ್ ಹ್ಯಾಮಂಡ್ ಇವರನ್ನು ಹುಡುಕಿಸಿದರು. ಆಗ ಗೊತ್ತಾಗಿದ್ದು, ಆಸಾಮಿ ಇಲ್ಲ ಅಂತ. ಕೊನೆಗೆ ಹ್ಯಾಮಂಡ್ ವೇದಿಕೆಯ ಮೇಲೆ ಅವರ ರೆಕಾರ್ಡ್ ಹಾಕಿ ಕೇಳಿಸಿದರು. ಮರಣ ಪತ್ರ ಸಂಶೋಧಕರ ಕೈಗೆ ಸಿಕ್ಕಿದ್ದು 1968ರಲ್ಲಿ, ಅಂದರೆ 30 ವರ್ಷದ ನಂತರ. ಕಾರಣ ಬರೆಯಬೇಕಾದ ಜಾಗದಲ್ಲಿ ಇದ್ದದ್ದು ಇಷ್ಟೇ: 'ಡಾಕ್ಟರ್ ಇಲ್ಲ'. ಹೂತ ಜಾಗವೂ ಗೊಂದಲವೇ. ಗ್ರೀನ್‌ವುಡ್ ಸುತ್ತ ಮೂರು ಕಡೆ ಅವರ ಹೆಸರಿನ ಕಲ್ಲುಗಳಿವೆ.

1962ರ ಸುದ್ದಿ ಲಿವರ್‌ಪೂಲ್ ದಾಟಲಿಲ್ಲ. ದಾಟುವುದಾದರೂ ಹೇಗೆ, ಬೀಟಲ್ಸ್ ಅನ್ನುವ ಹೆಸರು ಆಗ ಹೊರಗೆ ಯಾರಿಗೆ ಗೊತ್ತಿತ್ತು? ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ ಡ್ರಮ್ಮರ್ ಪೀಟ್ ಬೆಸ್ಟ್‌ನನ್ನು ಆಫೀಸಿಗೆ ಕರೆದು, ತಂಡದಲ್ಲಿ ನಿನಗೆ ಜಾಗ ಇಲ್ಲ ಅಂದುಬಿಟ್ಟರು. ಎರಡು ವರ್ಷ ಜೊತೆಗೆ ನುಡಿಸಿದ ಲೆನನ್, ಮೆಕಾರ್ಟ್ನಿ, ಹ್ಯಾರಿಸನ್ ಮೂವರೂ ಅಲ್ಲಿರಲಿಲ್ಲ. ಅದು ಮಾತ್ರ ನನಗೆ ಸರಿ ಕಾಣಲ್ಲ. ಜೂನ್‌ನ ರೆಕಾರ್ಡಿಂಗ್‌ನಲ್ಲಿ ನಿರ್ಮಾಪಕ ಜಾರ್ಜ್ ಮಾರ್ಟಿನ್‌ಗೆ ಬೆಸ್ಟ್ ನುಡಿಸಿದ್ದು ಹಿಡಿಸಿರಲಿಲ್ಲ. ಬೆಸ್ಟ್ ಅಭಿಮಾನಿಗಳು ಕ್ಯಾವರ್ನ್ ಕ್ಲಬ್‌ನಲ್ಲಿ ಗಲಾಟೆ ಎಬ್ಬಿಸಿದರು, ಹ್ಯಾರಿಸನ್ ಕಣ್ಣಿನ ಸುತ್ತ ಕಪ್ಪಾಗುವ ಹಾಗೆ ಏಟು ಬಿತ್ತು. ಹೊಸಬ ರಿಂಗೋ ಸ್ಟಾರ್ ಪಾಡೂ ಅಷ್ಟೇ. ಸೆಪ್ಟೆಂಬರ್‌ನ ರೆಕಾರ್ಡಿಂಗ್‌ಗೆ ಬೇರೊಬ್ಬ ಡ್ರಮ್ಮರ್‌ನನ್ನು ಕರೆಸಿ, ರಿಂಗೋ ಕೈಗೆ ಅಲ್ಲಾಡಿಸುವ ಟ್ಯಾಂಬೊರಿನ್ ಕೊಟ್ಟರು.

1977ರ ಹೊತ್ತಿಗೆ ಟಿವಿ ಮನೆಮನೆಗೆ ಬಂದಿತ್ತು. ಎಲ್ವಿಸ್‌ಗೆ 42 ವರ್ಷ. ಮರುದಿನ ಪೋರ್ಟ್‌ಲ್ಯಾಂಡ್‌ನಿಂದ ಹೊಸ ಪ್ರವಾಸ ಶುರುವಾಗಬೇಕಿತ್ತು. ಮಧ್ಯಾಹ್ನ ಮೆಂಫಿಸ್‌ನ ಮನೆ ಗ್ರೇಸ್‌ಲ್ಯಾಂಡ್‌ನಲ್ಲಿ ಅವರು ಬಿದ್ದಿದ್ದು ಕಂಡಿತು. ಸಂಜೆಯ ವಾರ್ತೆಯಲ್ಲಿ ಅಮೆರಿಕದ ಟಿವಿ ಚಾನೆಲ್‌ಗಳಾದ ಎನ್‌ಬಿಸಿ, ಎಬಿಸಿ ಎರಡೂ ಇದನ್ನೇ ಮೊದಲು ಹೇಳಿದವು. ಸಿಬಿಎಸ್ ಮಾತ್ರ ಪನಾಮಾ ಕಾಲುವೆ ಒಪ್ಪಂದದಿಂದ ಶುರು ಮಾಡಿತು. ಜನ ಬೇರೆ ಚಾನೆಲ್‌ಗೆ ಹೋದರು. ಹಾಡುಗಾರ ಸತ್ತರೆ ಅದು ಮನರಂಜನೆಯ ಪುಟದ ಸುದ್ದಿ ಅಂದುಕೊಂಡಿದ್ದ ಸಂಪಾದಕರಿಗೆ ಅವತ್ತೇ ಪಾಠ ಆಯಿತು ಅನ್ನಬಹುದು. ಅಧ್ಯಕ್ಷ ಜಿಮ್ಮಿ ಕಾರ್ಟರ್ ಕೂಡ ಸಂತಾಪದ ಹೇಳಿಕೆ ಕೊಟ್ಟರು. ಇಂದಿಗೂ ಆಗಸ್ಟ್ 15ರ ರಾತ್ರಿ ಅಭಿಮಾನಿಗಳು ಮೇಣದಬತ್ತಿ ಹಿಡಿದು ಗ್ರೇಸ್‌ಲ್ಯಾಂಡ್‌ನಲ್ಲಿ ಸೇರುತ್ತಾರೆ.

ಎಲ್ವಿಸ್ ತಾಯಿ ಗ್ಲ್ಯಾಡಿಸ್ ಹೋಗಿದ್ದು 1958ರ ಆಗಸ್ಟ್ 14ರಂದು. ಎರಡೇ ದಿನಕ್ಕೆ ಮಿಷಿಗನ್‌ನ ಬೇ ಸಿಟಿಯಲ್ಲಿ ಮಡೋನಾ ಹುಟ್ಟಿದರು.

2018ರಲ್ಲಿ ಅದೇ ಮಿಷಿಗನ್‌ನ ಡೆಟ್ರಾಯಿಟ್‌ನಲ್ಲಿ ಅರೀಥಾ 76ನೇ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರು ಹುಟ್ಟಿದ್ದು ಎಲ್ವಿಸ್ ಸತ್ತ ಮೆಂಫಿಸ್‌ನಲ್ಲೇ. ಅವತ್ತು ಮಡೋನಾಗೆ 60 ತುಂಬಿತ್ತು. ನಾಲ್ಕು ದಿನ ಬಿಟ್ಟು ಎಂಟಿವಿ ಪ್ರಶಸ್ತಿ ಸಮಾರಂಭದಲ್ಲಿ ಮಡೋನಾ ಅರೀಥಾ ಬಗ್ಗೆ ಮಾತಾಡಲು ನಿಂತರು. ಹೇಳಿದ್ದು ಮಾತ್ರ ಜಾಸ್ತಿ ತಮ್ಮ ಕಥೆಯನ್ನೇ: ಅವಕಾಶಕ್ಕಾಗಿ ಅಲೆದದ್ದು, ಅರೀಥಾ ಹಾಡು ಹಾಡಿ ತೋರಿಸಿದ್ದು. ಟ್ವಿಟರ್‌ನಲ್ಲಿ ಬೈಗುಳದ ಮಳೆ. ತಮ್ಮನ್ನು ಕರೆದದ್ದು ವರ್ಷದ ಅತ್ಯುತ್ತಮ ವಿಡಿಯೊ ಪ್ರಶಸ್ತಿ ಕೊಡೋಕೆ, ಅರೀಥಾಗೆ ಶ್ರದ್ಧಾಂಜಲಿ ಹೇಳೋಕೆ ಅಲ್ಲ ಅಂತ ಮಡೋನಾ ಆಮೇಲೆ ಸಮಜಾಯಿಷಿ ಕೊಡಬೇಕಾಯಿತು.