ಕೊಳವೆಯೊಳಗೊಂದು ತಿರುಚಿದ ಪಟ್ಟಿ

15 ಕೋಟಿ ಡಿಗ್ರಿ ಕಾವನ್ನು ಯಾವ ಪಾತ್ರೆ ತಡೆದೀತು? ಹಗುರ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ಬೈಜಿಕ ಸಮ್ಮಿಲನದ ಮಾತೆತ್ತಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ತಾಪಮಾನ ಬೇರೆ, ಶಾಖ ಬೇರೆ ಎಂಬುದನ್ನು ಮರೆತ ಪ್ರಶ್ನೆ ಇದು. ಫ್ರಾನ್ಸಿನ ಕಾದರಾಶ್‌ನಲ್ಲಿ ಕಟ್ಟುತ್ತಿರುವ ಐಟರ್ ಎಂಬ ಸಮ್ಮಿಲನ ಯಂತ್ರದ ಪ್ಲಾಸ್ಮಾದಲ್ಲಿ, ಅಂದರೆ ವಿದ್ಯುದಾವೇಶ ಹೊತ್ತ ಕಾದ ಅನಿಲದಲ್ಲಿ, ಒಂದು ಹೊತ್ತಿಗೆ ಇರುವ ಇಂಧನ ಒಂದು ಗ್ರಾಮಿಗೂ ಕಡಿಮೆ. ವಿನ್ಯಾಸಕಾರರ ನಿದ್ದೆ ಕೆಡಿಸುವ ಅಂಕಿಯೇ ಬೇರೆ: ಯಂತ್ರದ ತಳದಲ್ಲಿದ್ದು ಶಾಖವನ್ನೂ ಕಸವನ್ನೂ ಹೊರಹಾಕುವ ಡೈವರ್ಟರ್ ಎಂಬ ಭಾಗದ ಮೈಮೇಲೆ ಬೀಳುವ ಶಾಖ, ಚದರ ಮೀಟರಿಗೆ 10 ಮೆಗಾವಾಟ್. ಕೆಲವು ಸೆಕೆಂಡುಗಳ ಮಟ್ಟಿಗೆ 20. ಸೂರ್ಯನ ಮೇಲ್ಮೈಯಿಂದ ಹೊಮ್ಮುವುದು ಸುಮಾರು 63.

ಡೈವರ್ಟರಿನ ಈ ಶಾಖವನ್ನು ಹೊತ್ತೊಯ್ಯುವುದು ಬರೀ ನೀರು. 28 ಮಿ.ಮೀ. ಅಗಲದ ಟಂಗ್‌ಸ್ಟನ್ ತುಂಡುಗಳಿಗೆ ತೂತು ಕೊರೆದು, ಮಣಿಸರದಂತೆ ಒಂದು ಕೊಳವೆಗೆ ಪೋಣಿಸಿ ಬೆಸೆಯುತ್ತಾರೆ. ಕೊಳವೆ ತಾಮ್ರ, ಕ್ರೋಮಿಯಂ, ಜಿರ್ಕೋನಿಯಂಗಳ ಮಿಶ್ರಲೋಹದ್ದು. ಒಳವ್ಯಾಸ 12, ಗೋಡೆ 1.5 ಮಿ.ಮೀ. ಕಾದ ತಾಮ್ರ ಟಂಗ್‌ಸ್ಟನ್ ಹಿಗ್ಗುವುದರ ಮೂರು ಪಟ್ಟು ಮೀರಿ ಹಿಗ್ಗುವುದರಿಂದ ನಡುವೆ 1 ಮಿ.ಮೀ. ಮೆತ್ತನೆಯ ಶುದ್ಧ ತಾಮ್ರ. ಬೆಸುಗೆ ಎಲ್ಲಾದರೂ ಬಿಟ್ಟಿದ್ದರೆ ಶಾಖಕ್ಕೆ ಅಲ್ಲಿ ದಾರಿಯಿಲ್ಲ, ಆ ತುಂಡೊಂದೇ ಕಾದು ಕೆಂಪಾಗುತ್ತದೆ.

ಆದರೆ ನಿಜವಾದ ವೈರಿ ಹಬೆ. ಕಾದ ಹಂಚಿನ ಮೇಲೆ ನೀರ ಹನಿ ಆವಿಯಾಗಿ ಹೋಗುವ ಬದಲು ಓಡಾಡುವುದನ್ನು ನೋಡಿದ್ದೀರಲ್ಲ? 1756ರಲ್ಲಿ ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ ಕಾದ ಕಬ್ಬಿಣದ ಸೌಟಿನಲ್ಲಿ ಕಂಡದ್ದೂ ಅದನ್ನೇ: ಹನಿಯಡಿಯ ಹಬೆಯ ಪದರ ಶಾಖವನ್ನು ತಡೆಯುತ್ತದೆ. 1934ರಲ್ಲಿ ಜಪಾನಿನ ನುಕಿಯಾಮಾ ನೀರಲ್ಲಿ ಮುಳುಗಿಸಿದ ತಂತಿಗೆ ವಿದ್ಯುತ್ ಏರಿಸುತ್ತ ಹೋದಾಗ, ಒಂದು ಮಿತಿ ದಾಟಿದ್ದೇ ನಿಕ್ರೋಮ್ ತಂತಿ ಸುಟ್ಟುಹೋಯಿತು. ನೀರಿನಲ್ಲಿದ್ದೂ! ಗುಳ್ಳೆ ಎದ್ದು ಹೋಗುತ್ತಿದ್ದರೆ ಶಾಖವನ್ನೂ ಕೊಂಡೊಯ್ಯುತ್ತದೆ. ಗುಳ್ಳೆಗಳು ಕೂಡಿ ಕಂಬಳಿಯಾದರೆ ಕೊಳವೆಯ ಕಥೆ ಮುಗಿಯಿತು.

ಇದಕ್ಕೆ ಉಪಾಯ ಒಂದು ಲೋಹದ ಪಟ್ಟಿ. ದಪ್ಪ 0.8 ಮಿ.ಮೀ., ಪ್ರತಿ 24 ಮಿ.ಮೀ.ಗೆ ಅರ್ಧ ಸುತ್ತು ತಿರುಚಿ ಕೊಳವೆಯೊಳಗೆ ತೂರಿಸಿದ್ದು. ಸೆಕೆಂಡಿಗೆ 10 ಮೀಟರ್ ವೇಗದ ನೀರು ಈ ಸುರುಳಿ ಮೆಟ್ಟಿಲಲ್ಲಿ ಗಿರಗಿರನೆ ತಿರುಗುತ್ತದೆ. ಲೆಕ್ಕ ಹಾಕಿ ನೋಡಿ: ಗೋಡೆಯ ಬಳಿ ವೇಗೋತ್ಕರ್ಷ ಗುರುತ್ವದ ಸುಮಾರು ಸಾವಿರ ಪಟ್ಟು. ತುಂಬಿದ ಬಕೆಟ್ಟನ್ನು ತಲೆಯ ಮೇಲೆ ಬೀಸಿದರೂ ನೀರು ಚೆಲ್ಲದೆ ತಳಕ್ಕೆ ಒತ್ತಿಕೊಂಡಿರುತ್ತದಲ್ಲ, ಇಲ್ಲೂ ತಣ್ಣನೆಯ ಭಾರದ ನೀರು ಗೋಡೆಗೆ ಒತ್ತಿಕೊಳ್ಳುತ್ತದೆ, ಹಗುರ ಗುಳ್ಳೆ ಕಿತ್ತು ನಡುವಿಗೆ ಬಂದು ಅಲ್ಲೇ ಕರಗುತ್ತದೆ. ಒತ್ತಡ ಸುಮಾರು 40 ಪಟ್ಟು ವಾತಾವರಣದಷ್ಟಿರುವುದರಿಂದ ಕುದಿಬಿಂದುವೂ 250 ಡಿಗ್ರಿಗೆ ಏರಿರುತ್ತದೆ. ಒಳಬರುವ ನೀರು 70 ಡಿಗ್ರಿ. ಪಟ್ಟಿ ಪುಕ್ಕಟೆಯೇನಲ್ಲ, ಒತ್ತಡವನ್ನು ತಿನ್ನುತ್ತದೆ. ಹಾಗಾಗಿ ಉರಿ ಬೀಳುವ ನೇರ ಭಾಗಕ್ಕಷ್ಟೇ ಪಟ್ಟಿ. ಬಾಗಿದ ಕಡೆ ಬರಿಗೊಳವೆ.

ಮುಂದೆ ಈ ಕೊಳವೆ ಉಕ್ಕಿನದಕ್ಕೆ ಕೂಡಬೇಕು. ತಾಮ್ರ, ಸ್ಟೇನ್‌ಲೆಸ್ ಉಕ್ಕನ್ನು ನೇರ ಬೆಸೆದರೆ ಬಿರುಕಿನ ಭಯ. ನಡುವೆ ನಿಕ್ಕಲ್ ಮಿಶ್ರಲೋಹದ ಗಿಡ್ಡ ತುಂಡಿಟ್ಟು ಎಲೆಕ್ಟ್ರಾನ್ ಕಿರಣದಿಂದ ಬೆಸೆಯುತ್ತಾರೆ. ಆಮೇಲೆ ಸೋರಿಕೆ ಇದೆಯೇ ಎಂದು ನೋಡಲು ನಿರ್ವಾತ ಕೋಣೆಯಲ್ಲಿಟ್ಟು, ಕಾಯಿಸಿ, ಕೊಳವೆಯೊಳಗೆ ಹೀಲಿಯಂ ತುಂಬುತ್ತಾರೆ. ನೀರು ನುಸುಳಲಾರದ ಸಂದಿಯಲ್ಲೂ ಹೀಲಿಯಂ ನುಸುಳುತ್ತದೆ.